ಎರಡನೆಯ ಬೀಗದ ಕೈ

ಹಂಪನಕಟ್ಟೆ

ಅಣ್ಣನ ಸೈಕಲ್ಲಿನ ಕ್ಯಾರಿಯರ್ ಮೇಲೆ ನಾನು ಕೊನೆಯ ಸಲ ಕೂತದ್ದು ಒಂದು ಬುಧವಾರ. ಆ ಬೆಳಿಗ್ಗೆ ಅಮ್ಮ ಅಕ್ಕಿಯ ಪುಂಡಿ ಕಡುಬು ಬೇಯಿಸಿದ್ದರು. ಅಣ್ಣ ಮೂರು ತಿಂದು, ನಾಲ್ಕನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಸೈಕಲ್ಲನ್ನು ಜಗಲಿಯಿಂದ ಇಳಿಸಿದ. ಹಿಂದಿನ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

“ನೀನು ದಪ್ಪ ಆಗ್ತಾ ಇದ್ದಿ. ಟಯರ್ ಹೇಳ್ತದೆ.”

“ಪುಂಡಿ ತಿಂದದ್ದು ಯಾರು?” ಎಂದು ಕೇಳಿ ನಾನು ಒಂದು ಬದಿಗೆ ಕಾಲು ಇಳಿಬಿಟ್ಟು ಕೂತೆ.

ನಾವು ಮನೆಯಲ್ಲಿ ಮಾತಾಡುವುದು ತುಳು. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ನಮ್ಮ ಮನೆ ಬಿಜೈಯಲ್ಲಿ. ನಾನು ಅತ್ತಾವರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಅಣ್ಣ ಸಂಜೀವ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನನ್ನನ್ನು ಆಸ್ಪತ್ರೆಯ ಗೇಟಿನಲ್ಲಿ ಬಿಟ್ಟು ಅವನು ಮುಂದೆ ಹೋಗುತ್ತಿದ್ದ. ಹೀಗೆ ಆರು ವರ್ಷ ನಡೆದಿತ್ತು.

ಸೈಕಲ್ಲಿನಲ್ಲಿ ಇಬ್ಬರು ಕೂತರೆ ಪೊಲೀಸರು ಹಿಡಿಯುತ್ತಿದ್ದ ಕಾಲ ಅದು. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷ ಆಗಿತ್ತು. ರಾಜ್ಯ ಬದಲಾದರೂ ಈ ಕಾಯಿದೆ ಬದಲಾಗಿರಲಿಲ್ಲ. ಹಂಪನಕಟ್ಟೆಯ ನಡುವೆ ಒಬ್ಬ ಪೊಲೀಸ್ ಯಾವಾಗಲೂ ನಿಂತಿರುತ್ತಿದ್ದ. ಅವನು ಕಣ್ಣಿಗೆ ಬೀಳುವ ಸ್ವಲ್ಪ ಮೊದಲು ಅಣ್ಣ, “ಜೆಪ್ಪು ಬಂತು,” ಎನ್ನುತ್ತಿದ್ದ.

ಇದು ನಮ್ಮಿಬ್ಬರ ಮಾತು. ಜೆಪ್ಪು ಊರಿನ ಒಂದು ಭಾಗದ ಹೆಸರು. ತುಳುವಿನಲ್ಲಿ ‘ಜಪ್ಪು’ ಎಂದರೆ ಇಳಿ ಎಂದು ಅರ್ಥ. ಬಸ್ಸಿನ ಕಂಡಕ್ಟರು, “ಜೆಪ್ಪು, ಜಪ್ಪುಲೆ” ಎಂದು ಒಂದೇ ಉಸಿರಿನಲ್ಲಿ ಕೂಗುವುದನ್ನು ಕೇಳಿ ಅಣ್ಣನಿಗೆ ಅದು ಬಾಯಿಗೆ ಹತ್ತಿತ್ತು. ನಿಜವಾದ ಜೆಪ್ಪು ಇನ್ನೂ ಎಷ್ಟೋ ದೂರ ಇದ್ದರೂ ಎಲ್ಲಿ ಪೊಲೀಸ್ ಇದ್ದಾನೋ ಅಲ್ಲಿ ನಮಗೆ ಜೆಪ್ಪು. ನಾನು ಇಳಿದು, ಪರಿಚಯವೇ ಇಲ್ಲದವಳಂತೆ ನಡೆದು ದಾಟುತ್ತಿದ್ದೆ. ಅವನು ಮುಂದೆ ಹೋಗಿ ಅಂಗಡಿ ಸಾಲು ಮುಗಿಯುವಲ್ಲಿ ಕಾಯುತ್ತಿದ್ದ. ಒಮ್ಮೆ ಆ ಪೊಲೀಸ್ ನನ್ನ ಕಡೆ ನೋಡದೆಯೇ, “ಬೇಗ ಹೋಗಿ ಅಕ್ಕ, ನಿಮ್ಮ ಜನ ಅಲ್ಲಿ ಬಿಸಿಲಲ್ಲಿ ನಿಂತಿದ್ದಾರೆ,” ಎಂದಿದ್ದ.

ಆ ಬುಧವಾರವೂ ಹಾಗೆಯೇ ಇಳಿದೆ, ಹಾಗೆಯೇ ಹತ್ತಿದೆ. ಆಸ್ಪತ್ರೆಯ ಗೇಟಿನಲ್ಲಿ ಅಣ್ಣ ಒಂದು ಕಾಲು ನೆಲಕ್ಕೆ ಊರಿ, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ನಿಂತ. ಅದು ಅವನ ಅಭ್ಯಾಸ. ಚೈನು ಕಟಕಟ ಅನ್ನುತ್ತಿತ್ತು.

“ಐದೂವರೆಗೆ ಬರ್ತೇನೆ. ಅಷ್ಟರೊಳಗೆ ಗೇಟಿನವನ ಹತ್ರ ಜಗಳ ಮಾಡ್ಬೇಡ ನರ್ಸಮ್ಮ.”

“ನೀನು ಐದಕ್ಕೆ ಬಂದ್ರೆ ಜಗಳಕ್ಕೆ ಸಮಯವೇ ಸಿಗುದಿಲ್ಲ.”

ಮಧ್ಯಾಹ್ನದ ಊಟದ ಗಂಟೆ ಹೊಡೆಯುವ ಮೊದಲು ಅವನು ಹಂಚು ಸುಡುವ ಭಟ್ಟಿಯ ಹತ್ತಿರ ಕುಸಿದು ಬಿದ್ದನಂತೆ. ನಮ್ಮ ಆಸ್ಪತ್ರೆಗೇ ತಂದರು. ಗಾಯಾಳುಗಳನ್ನು ತರುವ ಕೋಣೆಯಲ್ಲಿ ಆ ದಿನ ನನ್ನದೇ ಡ್ಯೂಟಿ. ಸ್ಟ್ರೆಚರಿನ ಮೇಲಿನ ಬಟ್ಟೆ ಸರಿಸಿದವಳು ನಾನೇ. ಹೃದಯ ದಾರಿಯಲ್ಲೇ ನಿಂತಿತ್ತು. ಅವನಿಗೆ ಮೂವತ್ತೇಳು.

ಬೊಜ್ಜದ ಕಾರ್ಯ, ಅಂದರೆ ಉತ್ತರಕ್ರಿಯೆ, ಮುಗಿದ ಮೇಲೆ ಕಾರ್ಖಾನೆಯ ಇಬ್ಬರು ಕೆಲಸದವರು ಸೈಕಲ್ಲನ್ನು ಮನೆಗೆ ತಂದರು. ಅದಕ್ಕೆ ಬೀಗ ಬಿದ್ದಿತ್ತು. ಹಿಂದಿನ ಚಕ್ರದ ಕಡ್ಡಿಗಳ ನಡುವೆ ಕೊಕ್ಕೆ ತೂರಿಸುವ ಬಳೆಬೀಗ. ಬೀಗದ ಕೈ ಅವನ ಅಂಗಿಯ ಜೇಬಿನಲ್ಲಿ ಇರಲಿಲ್ಲ, ಕಾರ್ಖಾನೆಯಲ್ಲೂ ಸಿಗಲಿಲ್ಲ. ಇಬ್ಬರೂ ಸರದಿಯಂತೆ ಹಿಂದಿನ ಚಕ್ರವನ್ನು ಎತ್ತಿ ಹಿಡಿದು ಜೆಪ್ಪುವಿನಿಂದ ಬಿಜೈಯವರೆಗೆ ನಡೆದಿದ್ದರು.

ಬೀಗಕ್ಕೆ ಎರಡು ಬೀಗದ ಕೈಗಳಿದ್ದವು. ಸೈಕಲ್ ಕೊಂಡ ದಿನ ಅಣ್ಣ ಒಂದನ್ನು ನನ್ನ ಮುಂದೆ ಹಿಡಿದಿದ್ದ. “ಇದು ನಿನ್ನ ಹತ್ರ ಇರ್ಲಿ.” ನಾನು, “ನನಗೆ ಎಂತಕ್ಕೆ? ನನಗೆ ಸೈಕಲ್ ಬಿಡ್ಲಿಕ್ಕೆ ಬರುದಿಲ್ಲ,” ಎಂದೆ. ಅವನು ಅದನ್ನು ಎಲ್ಲಿಟ್ಟನೆಂದು ನಾನು ಕೇಳಲಿಲ್ಲ.

ನಮ್ಮ ಓಣಿಯ ಕೊನೆಯ ಸೈಕಲ್ ಅಂಗಡಿಯ ಇದಿನಬ್ಬ ಬಂದು ನೋಡಿ, “ಒಂದು ನಿಮಿಷದ ಕೆಲಸ ಗಿರಿಜಕ್ಕ. ಗರಗಸ ತಂದ್ರೆ ಆಯ್ತು,” ಎಂದ. ನಾನು ಬೇಡ ಎಂದೆ. “ಕೀ ಸಿಗ್ಬಹುದು” ಎಂದೆ. ಸೈಕಲ್ ಬೀಗ ಹಾಕಿಕೊಂಡೇ ಜಗಲಿಯಲ್ಲಿ ನಿಂತಿತು.

ಕೋಪನ್‌ಹೇಗನ್, ಮೂರನೆಯ ಮಹಡಿ

ಆ ಮೇಲೆ ನಾನು ಆಸ್ಪತ್ರೆಗೆ ಹೋಗುತ್ತಿದ್ದೆ, ಆದರೆ ಆ ಕೋಣೆಯ ಬಾಗಿಲು ದಾಟಲು ಆಗುತ್ತಿರಲಿಲ್ಲ. ಮೇಟ್ರನ್ ಇದನ್ನು ಗಮನಿಸಿದ್ದರು. ಡೆನ್ಮಾರ್ಕಿನಲ್ಲಿ ಆರು ತಿಂಗಳ ತರಬೇತಿ ಉಂಟು, ಮನೆಮನೆಗೆ ಹೋಗಿ ಹಸುಗೂಸುಗಳನ್ನು ನೋಡಿಕೊಳ್ಳುವ ನರ್ಸ್ ಕೆಲಸ ಕಲಿಸುತ್ತಾರೆ, ಕಲಿತು ಬಂದರೆ ಬಿಜೈಯಿಂದ ಕೂಳೂರಿನವರೆಗಿನ ಮನೆಗಳ ಕೆಲಸ ನಿನಗೇ ಎಂದರು. ಆ ಗೇಟು, ಆ ಕೋಣೆ ಎರಡನ್ನೂ ಮತ್ತೆ ನೋಡಬೇಕಿಲ್ಲ. ನನಗೆ ಬೇಕಾದದ್ದು ಅಷ್ಟೇ.

ಅರ್ಜಿಯ ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು: ಸೈಕಲ್ ಬರುತ್ತದೆಯೇ? ಬರದವರನ್ನು ಅಲ್ಲಿನ ವಾರ್ಡಿಗೆ ಹಾಕುತ್ತಾರೆ, ಮನೆ ಭೇಟಿಯ ಸರ್ಟಿಫಿಕೇಟ್ ಕೊಡುವುದಿಲ್ಲ ಎಂದು ಕೆಳಗೆ ಬರೆದಿತ್ತು. ನಾನು ‘ಬರುತ್ತದೆ’ ಎಂದು ಬರೆದೆ. ಆರು ವರ್ಷ ಸೈಕಲ್ಲಿನ ಮೇಲೆ ಕೂತವಳಿಗೆ ಅದು ಪೂರ್ತಿ ಸುಳ್ಳು ಅನಿಸಲಿಲ್ಲ.

ಹಡಗಿನ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಅಮ್ಮ ಒಂದು ಸಣ್ಣ ಗಾಜಿನ ಬಾಟಲಿಯಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ ಕೊಟ್ಟಿದ್ದರು. ಪೆಟ್ಟಿಗೆಯಲ್ಲಿ ಒಡೆದೀತೆಂದು ಅದನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೆ. ಅಲ್ಲೇ ಒಡೆಯಿತು. ಗಾಜು ಜೇಬಿನ ಒಳಬಟ್ಟೆಯನ್ನು ಸೀಳಿತು. ಎಷ್ಟು ತೊಳೆದರೂ ಆ ಕೋಟಿಗೆ ಇಂಗಿನ ವಾಸನೆ ಉಳಿಯಿತು.

ನನಗೆ ಕೋಣೆ ಕೊಟ್ಟವರು ಫ್ರು ಲುಂಡ್. ಫ್ರು ಎಂದರೆ ಶ್ರೀಮತಿ ಎಂದ ಹಾಗೆ. ಹಿಂದೆ ಟ್ರಾಮಿನಲ್ಲಿ ಟಿಕೆಟ್ ಕೊಡುತ್ತಿದ್ದವರಂತೆ. ಈಗಲೂ ಬಾಗಿಲು ತೆರೆದರೆ ಒಳಗೆ ಸರಿಯಿರಿ ಎನ್ನುವ ಧ್ವನಿಯಲ್ಲೇ ಮಾತಾಡುತ್ತಿದ್ದರು. ಅವರದ್ದೂ ನನ್ನದೂ ಮುರುಕು ಇಂಗ್ಲಿಷ್. ಇಬ್ಬರೂ ಮುರಿಯುವ ಜಾಗ ಬೇರೆ ಬೇರೆ ಆದ್ದರಿಂದ ಹೇಗೋ ನಡೆಯುತ್ತಿತ್ತು. ನನ್ನ ಸೀರೆಯನ್ನು ಅವರು ಪರದೆ ಎನ್ನುತ್ತಿದ್ದರು. “ಆ ಪರದೆ ಕಟ್ಟಿಕೊಂಡು ಸೈಕಲ್ ತುಳಿಯುವುದನ್ನು ನಾನು ಸಾಯುವ ಮೊದಲು ನೋಡಬೇಕು” ಎಂದು ಮೊದಲ ದಿನವೇ ಹೇಳಿದರು.

ಅಲ್ಲಿಂದ ಬಂದ ಮೇಲೆ ಎಲ್ಲರೂ ಕೇಳುತ್ತಾರೆ, ಅಲ್ಲಿ ಎಂತ ನೋಡಿದೆ ಎಂದು. ನಾನು ನೋಡಿದ್ದು ಸೈಕಲ್ಲುಗಳು. ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ರಸ್ತೆಯ ಬದಿಯಲ್ಲಿ ಅವಕ್ಕೇ ಬೇರೆ ದಾರಿ. ಕೋಟು ಹಾಕಿದ ಗುಮಾಸ್ತರು, ಪಾದ್ರಿಗಳು, ಚಕ್ರದ ಮುಂದೆ ಪೆಟ್ಟಿಗೆಯಲ್ಲಿ ರೊಟ್ಟಿ ಹೇರಿಕೊಂಡವರು, ನನ್ನ ಅಮ್ಮನಷ್ಟು ವಯಸ್ಸಿನ ಹೆಂಗಸರು, ಯಾರೂ ಯಾರ ಮುಖವನ್ನೂ ನೋಡದೆ ಹೋಗುತ್ತಾರೆ. ಮಂಗಳೂರಿನಲ್ಲಿ ಸೈಕಲ್ಲಿಗೆ ಶತ್ರು ಗುಡ್ಡ. ಅಲ್ಲಿ ನೆಲ ಮಣೆಯಂತೆ ಸಮ, ಶತ್ರು ಗಾಳಿ. ಗುಡ್ಡವಾದರೆ ಹತ್ತಿದ ಮೇಲೆ ಇಳಿಜಾರು ಕೊಡುತ್ತದೆ. ಗಾಳಿ ಹೋಗುವಾಗಲೂ ಎದುರು, ಬರುವಾಗಲೂ ಎದುರು.

ಇನ್ನೊಂದನ್ನು ನೋಡಿ ನಾನು ರಸ್ತೆಯಲ್ಲೇ ನಿಂತುಬಿಟ್ಟೆ. ಒಬ್ಬಳು ಹೆಂಗಸು ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ ಬೀಗ ಹಾಕಿ, ಎಳೆದು ನೋಡಿ ಒಳಗೆ ಹೋದಳು. ಅದರ ಪಕ್ಕದಲ್ಲಿ ಒಂದು ತಳ್ಳುಗಾಡಿಯಲ್ಲಿ ಮಗು ಮಲಗಿತ್ತು, ಒಂದೇ. ಅದು ಬೇರೆ ಯಾರದ್ದೋ ಮಗು, ಅದರ ತಾಯಿಯೂ ಒಳಗೇ ಇದ್ದಳು. ತಂಪು ಗಾಳಿಯಲ್ಲಿ ಮಲಗಿದರೆ ಮಕ್ಕಳು ಗಟ್ಟಿಯಾಗುತ್ತಾರೆ ಎಂದು ಅಲ್ಲಿನವರ ನಂಬಿಕೆ. ನಾನು ಫ್ರು ಲುಂಡರನ್ನು ಕೇಳಿದೆ, “ಸೈಕಲ್ಲಿಗೆ ಬೀಗ, ಮಗುವಿಗೆ ಇಲ್ಲವೇ?”

“ಮಗುವನ್ನು ಕದ್ದರೆ ಅದಕ್ಕೆ ಊಟ ಹಾಕಬೇಕಲ್ಲ” ಎಂದರು ಅವರು.

ಸೈಕಲ್ ಕಮ್ಮಾರ

ಸೈಕಲ್ ರಿಪೇರಿ ಮಾಡುವವರನ್ನು ಅಲ್ಲಿ ಸೈಕಲ್ ಕಮ್ಮಾರ ಎನ್ನುತ್ತಾರೆ. ನಮ್ಮ ಬೀದಿಯ ಕಮ್ಮಾರ ನೆಲಮಾಳಿಗೆಯಲ್ಲಿ ಕೂರುವ ಮುದುಕ. ಮೆಟ್ಟಿಲು ಇಳಿದು ಹೋಗಬೇಕು. ಹೊಸದು ಬೇಡ, ಹಳೆಯದೇ ಸಾಕು ಎಂದು ಫ್ರು ಲುಂಡ್ ನನ್ನ ಪರವಾಗಿ ಹೇಳಿದರು. “ಹೊಸದನ್ನು ಕಳ್ಳರು ನೋಡುತ್ತಾರೆ, ಹಳೆಯದನ್ನು ಯಜಮಾನ ಮಾತ್ರ ನೋಡುತ್ತಾನೆ” ಎಂದು ಅವರ ಲೆಕ್ಕ.

ಮುದುಕರು ನನ್ನನ್ನು ಏನೂ ಕೇಳಲಿಲ್ಲ. ಅಡ್ಡಕೋಲು ಇಲ್ಲದ ಒಂದು ಕಪ್ಪು ಲೇಡೀಸ್ ಸೈಕಲ್ ಎಳೆದು ತಂದು, ನನ್ನ ಕೈಯನ್ನು ಹಿಡಿದು, ಕಂಕುಳನ್ನು ಸೀಟಿಗೆ ತಾಗಿಸಿ, ಬೆರಳ ತುದಿ ಪೆಡಲಿನ ಕೋಲುಗಳು ಕೂಡುವ ನಡುಗುಂಬಕ್ಕೆ ಮುಟ್ಟುತ್ತದೆಯೇ ಎಂದು ನೋಡಿದರು. ಮುಟ್ಟಿತು. ನಾನು ಕೈಯನ್ನು ಅಲ್ಲಿಯೇ ಇಟ್ಟುಕೊಂಡು ನಿಂತೆ. ಬಿಜೈಯ ಇದಿನಬ್ಬ ಅಣ್ಣನ ಕೈಯನ್ನು ಹೀಗೆಯೇ ಅಳೆದಿದ್ದ. “ಕೈ ಎಷ್ಟೋ ಕಾಲು ಅಷ್ಟು, ಸಂಜೀವಣ್ಣ. ದೇವರ ಅಳತೆ,” ಎಂದಿದ್ದ. ಸಮುದ್ರಗಳನ್ನು ದಾಟಿ ಬಂದರೆ ಇಲ್ಲಿಯೂ ಅದೇ ಅಳತೆ.

ಮತ್ತೆ ಒಂದೊಂದೇ ಸಾಮಾನು ಜೋಡಿಸಿದರು. ಡೈನಮೋ ದೀಪ, ನಮ್ಮಲ್ಲಿರುವಂಥದ್ದೇ. ಚೈನಿಗೆ ಪೂರ್ತಿ ಮುಚ್ಚಿದ ತಗಡಿನ ಕವಚ. ಹಿಂದಿನ ಮಡ್‌ಗಾರ್ಡಿನ ಕೆಳಗೆ ಬಿಳಿ ಬಣ್ಣ, ಕೆಂಪು ಗಾಜು. ಮೇಲೆ ಚಕ್ರದ ಎರಡೂ ಬದಿಗೆ ದಾರದ ಬಲೆ. ಅಲ್ಲಿನ ಹೆಂಗಸರ ಉದ್ದ ಕೋಟು ಕಡ್ಡಿಗಳಿಗೆ ಸಿಕ್ಕಿಕೊಳ್ಳದ ಹಾಗೆ ಕಟ್ಟುವ ಬಲೆ ಅದು. ಸೀರೆಯ ಸೆರಗಿಗೆಂದೇ ಹೆಣೆದ ಹಾಗಿತ್ತು. ಚೌಕಟ್ಟಿನ ಮೇಲೆ ಒಂದು ನಂಬರು ಹೊಡೆದಿರುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರು. ಕಳೆದುಹೋದರೆ ಪೊಲೀಸರಿಗೆ ಈ ನಂಬರು ಹೇಳಬೇಕಂತೆ. ನಮ್ಮಲ್ಲಿ ಮುನಿಸಿಪಾಲಿಟಿಯ ಬಿಲ್ಲೆ ಇದ್ದರೆ ಆಯಿತು. ಅದನ್ನು ಕಿತ್ತರೆ ಸೈಕಲ್ಲಿಗೆ ಹೆಸರೇ ಇಲ್ಲ.

ಕೊನೆಗೆ ಬಳೆಬೀಗ. ಎರಡು ಬೀಗದ ಕೈಗಳನ್ನು ಕಮ್ಮಾರರು ಬೇರೆ ಬೇರೆಯಾಗಿ ನನ್ನ ಅಂಗೈಯಲ್ಲಿಟ್ಟರು. ನಾನು ಅಲ್ಲೇ ಎರಡನ್ನೂ ಒಂದೇ ಬಳೆಗೆ ಪೋಣಿಸಿ ಕೋಟಿನ ಜೇಬಿಗೆ ಹಾಕಿಕೊಂಡೆ. ಒಂದನ್ನೂ ಬಿಟ್ಟುಕೊಡಬಾರದು ಎಂದು ನನಗೆ ಆಗ ಅನಿಸಿತ್ತು.

ಪಾರ್ಕು

ಸೈಕಲ್ಲಿನಲ್ಲಿ ಮನೆ ಭೇಟಿಗೆ ಹೋಗಿ ತೋರಿಸುವ ಪರೀಕ್ಷೆಗೆ ನಾಲ್ಕು ವಾರ ಇತ್ತು. ದಿನಾ ಸಂಜೆ ಫ್ರು ಲುಂಡ್ ನನ್ನನ್ನು ಹತ್ತಿರದ ಪಾರ್ಕಿಗೆ ಕರೆದುಕೊಂಡು ಹೋಗಿ ಸೀಟು ಹಿಡಿದು ಹಿಂದೆ ಓಡುತ್ತಿದ್ದರು. ಅರುವತ್ತು ದಾಟಿದ ಹೆಂಗಸು.

ನಾಲ್ಕನೆಯ ದಿನ ಹತ್ತು ಮಾರು ಒಬ್ಬಳೇ ಹೋದೆ. ಸಂತೋಷದಲ್ಲಿ ಅಣ್ಣನ ಹಾಗೆ ಪೆಡಲನ್ನು ಹಿಂದಕ್ಕೆ ತಿರುಗಿಸಿದೆ. ಸೈಕಲ್ ಗಕ್ಕನೆ ನಿಂತಿತು, ನಾನು ನಿಲ್ಲಲಿಲ್ಲ. ಅಲ್ಲಿನ ಸೈಕಲ್ಲುಗಳಿಗೆ ಬ್ರೇಕ್ ಇರುವುದು ಪೆಡಲಿನಲ್ಲಿ. ಹಿಂದಕ್ಕೆ ತುಳಿದರೆ ಚಕ್ರ ಹಿಡಿದುಕೊಳ್ಳುತ್ತದೆ.

ನನ್ನ ಮೊಣಕಾಲಿನ ಮಣ್ಣು ಕೊಡಹುತ್ತಾ ಫ್ರು ಲುಂಡ್ ಕೇಳಿದರು. “ನಿನಗೆ ಸೈಕಲ್ ಕಲಿಸಿದ್ದು ಯಾರು?”

“ನನ್ನ ಅಣ್ಣ.”

“ಕೆಟ್ಟದಾಗಿ ಕಲಿಸಿದ್ದಾನೆ.”

“ಕಲಿಸಲಿಲ್ಲ. ನಾನು ಹಿಂದೆ ಕೂತಿದ್ದೆ.”

“ಹಾಗಾದರೆ ನಿನಗೆ ಅವನ ಬೆನ್ನು ಮಾತ್ರ ಗೊತ್ತು. ಅವನು ಈಗ ಎಲ್ಲಿದ್ದಾನೆ?”

ನಮ್ಮಲ್ಲಿ ಹೇಳುವ ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ, “ಅವನು ಇಲ್ಲ.” ನಮ್ಮಲ್ಲಿ ಅಷ್ಟು ಹೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಅವರು, “ಯಾವಾಗ ಬರುತ್ತಾನೆ?” ಎಂದರು. ಮನೆಯಲ್ಲಿ ಇಲ್ಲ ಎಂದು ತಿಳಿದುಕೊಂಡಿದ್ದರು. ನಾನು ತಿದ್ದಲಿಲ್ಲ. ತಿದ್ದುವ ಇಂಗ್ಲಿಷ್ ನನ್ನಲ್ಲಿ ಇತ್ತು. ಆದರೆ ಯಾವಾಗ ಬರುತ್ತಾನೆ ಎಂದು ಅವನ ಬಗ್ಗೆ ಯಾರೂ ಕೇಳದೆ ಬಹಳ ದಿನ ಆಗಿತ್ತು. “ಐದೂವರೆಗೆ,” ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಕೆರೆಯ ಸೇತುವೆ

ಪರೀಕ್ಷೆ ಸರಳ. ಕ್ಯಾರಿಯರ್ ಮೇಲೆ ಔಷಧಿ ಚೀಲ ಕಟ್ಟಿಕೊಂಡು, ಊರಿನ ನಡುವಿನ ಕೆರೆಯ ಸೇತುವೆ ದಾಟಿ, ಒಂದು ಮನೆಗೆ ಹೋಗಿ ಮಗುವನ್ನು ತೂಗಿ ಬರಬೇಕು. ಹಿಂದೆ ಇನ್ನೊಂದು ಸೈಕಲ್ಲಿನಲ್ಲಿ ಇಂಗರ್ ಸಿಸ್ಟರ್. ನಮ್ಮ ತರಬೇತಿಯನ್ನು ನೋಡಿಕೊಳ್ಳುತ್ತಿದ್ದ ಹಿರಿಯ ನರ್ಸ್, ಬೇಕಾದದ್ದಕ್ಕಿಂತ ಒಂದು ಮಾತು ಹೆಚ್ಚು ಆಡುವವರಲ್ಲ. ಅವರು ಒಪ್ಪದಿದ್ದರೆ ನನಗೆ ವಾರ್ಡು, ಆ ಮೇಲೆ ಅತ್ತಾವರದ ಅದೇ ಗೇಟು.

ಸೀರೆಯ ನೆರಿಗೆಗೆ ಪಿನ್ನು ಹಾಕಿ, ಸೆರಗನ್ನು ಸೊಂಟಕ್ಕೆ ಬಿಗಿದು, ಮೇಲೆ ಇಂಗಿನ ವಾಸನೆಯ ಕೋಟು ಹಾಕಿ ಹೊರಟೆ. ಚೆನ್ನಾಗಿಯೇ ಹೋಗುತ್ತಿದ್ದೆ. ತಿರುಗುವಲ್ಲಿ ಕೈ ಚಾಚಿದೆ, ನಿಲ್ಲುವಲ್ಲಿ ಕೈ ಎತ್ತಿದೆ. ಸೇತುವೆಯ ಹತ್ತಿರ ಬಂದಾಗ ನಡುವೆ ಒಬ್ಬ ಪೊಲೀಸ್ ನಿಂತಿದ್ದ.

ನಾನು ಇಳಿದೆ.

ಯೋಚಿಸಿ ಇಳಿದದ್ದಲ್ಲ. ಕಾಲು ಇಳಿಯಿತು. ಸೈಕಲ್ಲನ್ನು ತಳ್ಳಿಕೊಂಡು, ಮುಖ ಆಚೆ ತಿರುಗಿಸಿ ಅವನನ್ನು ದಾಟಿದೆ. ಹಿಂದೆ ಇಂಗರ್ ಸಿಸ್ಟರ್ ಕೂಡ ಇಳಿದರು. ಪೊಲೀಸ್ ನನ್ನ ಹತ್ತಿರ ಬಂದ.

“ಸೈಕಲ್ ಕೆಟ್ಟಿದೆಯೇ?”

“ಇಲ್ಲ.”

“ಮತ್ತೆ ಯಾಕೆ ಇಳಿದಿರಿ?”

“ನೀವು ಇದ್ದೀರಿ, ಅದಕ್ಕೆ.”

ಅವನು ಇಂಗರ್ ಸಿಸ್ಟರ್ ಕಡೆ ನೋಡಿದ. ಅವರು ನನ್ನ ಕಡೆ ನೋಡಿದರು. ನಾನು ಹೇಳಬೇಕಾಯಿತು. “ನಮ್ಮ ಊರಿನಲ್ಲಿ ಸೈಕಲ್ಲಿನಲ್ಲಿ ಇಬ್ಬರು ಕೂರಬಾರದು. ಪೊಲೀಸ್ ಕಂಡರೆ ನಾನು ಇಳಿಯಬೇಕು.”

ಪೊಲೀಸ್ ಬಗ್ಗಿ ಕ್ಯಾರಿಯರನ್ನು ನೋಡಿದ. ಅಲ್ಲಿ ಔಷಧಿ ಚೀಲ ಇತ್ತು.

“ಇಲ್ಲಿಯೂ ಇಬ್ಬರು ಕೂರಬಾರದು,” ಎಂದ. “ಆದರೆ ನೀವು ಒಬ್ಬರೇ ಇದ್ದೀರಲ್ಲ.”

ಅಮ್ಮ, ನೆಂಟರು, ಆಸ್ಪತ್ರೆಯವರು, ಯಾರೂ ನನಗೆ ಇದನ್ನು ಇಷ್ಟು ನೇರವಾಗಿ ಹೇಳಿರಲಿಲ್ಲ. ಅವನು ಹೇಳಿದ್ದು ಕಾಯಿದೆಯ ಮಾತು. ನಾನು ಹ್ಯಾಂಡಲ್ ಹಿಡಿದುಕೊಂಡು ನಿಂತೆ. ಇಂಗರ್ ಸಿಸ್ಟರ್, “ಹತ್ತು. ಮಗು ಕಾಯುತ್ತಿದೆ,” ಎಂದರು. ಹತ್ತಿದೆ.

ಮನೆಯ ಮುಂದೆ ಸೈಕಲ್ಲಿನ ಬೀಗ ಒತ್ತಿ ಒಳಗೆ ಹೋದೆ; ಅದು ಬೀಗದ ಕೈ ಇಲ್ಲದೆಯೂ ಬೀಳುವ ಬೀಗ. ಮಗುವನ್ನು ತೂಗಿದೆ, ಹೊಕ್ಕುಳು ನೋಡಿದೆ, ತಾಯಿಗೆ ಹೇಳಬೇಕಾದದ್ದನ್ನು ಹೇಳಿದೆ. ಹೊರಗೆ ಬಂದು ಜೇಬಿಗೆ ಕೈ ಹಾಕಿದರೆ ಬೀಗದ ಕೈ ಇಲ್ಲ. ಉಪ್ಪಿನಕಾಯಿ ಬಾಟಲಿ ಸೀಳಿದ ಜೇಬು ಅದು. ನಾನು ಹೊಲಿದಿದ್ದ ದಾರ ಬಿಟ್ಟಿತ್ತು.

“ಎರಡನೆಯದು?” ಎಂದು ಕೇಳಿದರು ಇಂಗರ್ ಸಿಸ್ಟರ್.

“ಅದೂ ಅದೇ ಬಳೆಯಲ್ಲಿ.”

ಅವರು ಬಗ್ಗಿ ಬೀಗವನ್ನು ಒಮ್ಮೆ ಎಳೆದು ನೋಡಿದರು. ಮತ್ತೆ, “ಪರೀಕ್ಷೆಯಲ್ಲಿ ಸೈಕಲ್ ಬಿಡುವುದು ಉಂಟು, ಬೀಗ ಇಲ್ಲ. ನೀನು ಪಾಸು,” ಎಂದು ತಮ್ಮ ಸೈಕಲ್ ಹತ್ತಿ ಹೋದರು.

ನಾನು ಹಿಂದಿನ ಚಕ್ರ ಎತ್ತಿಕೊಂಡು, ದಾರಿಯುದ್ದಕ್ಕೂ ನೆಲ ನೋಡುತ್ತಾ ಸೇತುವೆಯವರೆಗೆ ನಡೆದೆ. ಬೀಗ ಹಾಕಿದ ಸೈಕಲ್ಲನ್ನು ಎತ್ತಿಕೊಂಡು ಹೋಗುವವಳನ್ನು ಮಂಗಳೂರಿನಲ್ಲಾದರೆ ಕಳ್ಳಿ ಎನ್ನುತ್ತಿದ್ದರು. ಅದೇ ಪೊಲೀಸ್ ಅಲ್ಲಿಯೇ ಇದ್ದ. ಅವನು ಕೇಳುವ ಮೊದಲೇ ಚೌಕಟ್ಟಿನ ನಂಬರಿನ ಚೀಟಿ ತೆಗೆದು ಅವನಿಗೆ ಕೊಟ್ಟೆ. ಅವನು ಓದಿ, ವಾಪಸು ಕೊಟ್ಟು, ಆಚೆ ಇದ್ದ ಇನ್ನೊಬ್ಬ ಪೊಲೀಸನಿಗೆ ಏನೋ ಕೂಗಿ ಹೇಳಿ ಬಂದ. ಹಿಂದಿನ ಚಕ್ರವನ್ನು ತಾನೇ ಎತ್ತಿ ಹಿಡಿದು, “ಹ್ಯಾಂಡಲ್ ನೀವು ಹಿಡಿಯಿರಿ,” ಎಂದ.

ಸ್ವಲ್ಪ ದೂರ ಹೋದ ಮೇಲೆ, “ಈಗ ಒಂದು ಸೈಕಲ್ಲಿಗೆ ಇಬ್ಬರಾದೆವು. ಆದರೆ ಯಾರೂ ಕೂತಿಲ್ಲ. ಕಾಯಿದೆಗೆ ತೊಂದರೆ ಇಲ್ಲ,” ಎಂದ.

ನಾನು ನಕ್ಕೆ. ಹಾಗೆ ನಡೆಯುವಾಗಲೇ ಜೆಪ್ಪುವಿನಿಂದ ಬಿಜೈಯವರೆಗೆ ಎತ್ತಿಕೊಂಡು ಬಂದ ಆ ಇಬ್ಬರು ನೆನಪಾದರು. ಅರ್ಧ ದಾರಿ ಏರು. ಅವರ ಹೆಸರು ನಾನು ಕೇಳಿರಲಿಲ್ಲ. ಜಗಲಿಯಲ್ಲಿ ಕೂತುಕೊಳ್ಳಿ ಎಂದೆನೋ, ನೀರು ಬೆಲ್ಲ ಕೊಟ್ಟೆನೋ ಎಂದು ನೆನಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ.

ಕಮ್ಮಾರರು ಬೀಗವನ್ನು ಗರಗಸದಲ್ಲಿ ಕೊಯ್ದರು. ಇದಿನಬ್ಬ ಹೇಳಿದ ಹಾಗೆ ಒಂದು ನಿಮಿಷದ ಕೆಲಸ. ಹೊಸ ಬೀಗ ಹಾಕಿ, ಈ ಸಲ ಒಂದೇ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. ಇನ್ನೊಂದನ್ನು ತಮ್ಮ ಮುಷ್ಟಿಯಲ್ಲೇ ಹಿಡಿದುಕೊಂಡು ಪೊಲೀಸನಿಗೆ ಡೇನಿಷಿನಲ್ಲಿ ಏನೋ ಹೇಳಿದರು. ಪೊಲೀಸ್ ನನಗೆ ಇಂಗ್ಲಿಷಿನಲ್ಲಿ ಹೇಳಿದ, “ಎರಡನೆಯದು ಸೈಕಲ್ ಬಿಡುವವರಿಗೆ ಅಲ್ಲವಂತೆ. ಮನೆಯಲ್ಲಿ ಇರುವವರಿಗಂತೆ.”

ಆ ಸಂಜೆ ಫ್ರು ಲುಂಡ್, ಕಮ್ಮಾರರು ಅವರಿಗೆಂದು ನನ್ನಲ್ಲಿ ಕಳಿಸಿದ ಎರಡನೆಯದನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದರು. “ನಿನ್ನ ಅಣ್ಣನ ಸೈಕಲ್ಲಿನ ಎರಡನೆಯ ಬೀಗದ ಕೈ ನಿನ್ನಲ್ಲಿ ಇರಬೇಕಲ್ಲ?” ಎಂದರು, ಕಾಫಿ ಬಗ್ಗಿಸುತ್ತಾ.

ಆಗ ಹೇಳಿದೆ. ಕೊಡಲು ಬಂದದ್ದು, ಬೇಡ ಎಂದದ್ದು, ಬುಧವಾರ, ಭಟ್ಟಿ, ಸ್ಟ್ರೆಚರು. ಅವರು ಕೆಟಲನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಕೊನೆಗೆ, “ನಾನು ಯಾವಾಗ ಬರುತ್ತಾನೆ ಎಂದು ಕೇಳಿದ್ದೆ,” ಎಂದರು. “ಕೇಳಿದ್ದು ಒಳ್ಳೆಯದಾಯಿತು,” ಎಂದೆ. ಅದು ನಿಜವೇ.

ಬಿಜೈ

ಡೆನ್ಮಾರ್ಕಿನ ಸೈಕಲ್ಲನ್ನು ಅದೇ ಕಮ್ಮಾರರಿಗೆ ಬಿಟ್ಟು ಬಂದೆ. ತಂದದ್ದು ಒಂದು ಬಳೆಬೀಗ, ಒಂದು ಜೊತೆ ದಾರದ ಬಲೆ. ಬಲೆಯನ್ನು ಇದಿನಬ್ಬ ಎರಡು ಕೈಯಲ್ಲಿ ಅಗಲಿಸಿ ನೋಡಿದ.

“ಇದು ಎಂತ ಗಿರಿಜಕ್ಕ, ಮೀನು ಹಿಡಿಲಿಕ್ಕಾ? ಉಳ್ಳಾಲದವರಿಗೆ ಕೊಟ್ಟಿದ್ರೆ ನಗ್ತಿದ್ರು.”

“ಸೀರೆಗೆ ಮಾರಾಯ. ಚಕ್ರಕ್ಕೆ ಕಟ್ಬೇಕು.”

“ಯಾವ ಚಕ್ರಕ್ಕೆ?”

ನಾನು ಜಗಲಿಯ ಕಡೆ ನೋಡಿದೆ. ಅಣ್ಣನ ಸೈಕಲ್ ಅಲ್ಲಿಯೇ ಇತ್ತು. ಅಮ್ಮ ದಿನಾ ಒರೆಸುತ್ತಿದ್ದರು. ಟಯರುಗಳು ನೆಲಕ್ಕೆ ಕೂತಿದ್ದವು. “ಅದನ್ನು ಕೊಯ್ಯು” ಎಂದೆ.

ಇದಿನಬ್ಬ ತಕ್ಷಣ ಗರಗಸ ತರಲಿಲ್ಲ. ನೆಲದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬೀಗವನ್ನು ಮುಟ್ಟಿ ನೋಡಿದ. “ಸಂಜೀವಣ್ಣನಿಗೆ ನಾನೇ ಹಾಕಿ ಕೊಟ್ಟದ್ದು. ಅಕ್ಕ, ಗಂಡಸರ ಸೈಕಲ್. ಅಡ್ಡಕೋಲು ಉಂಟು. ಸೀರೆ ಉಟ್ಟು ಹೇಗೆ ಹತ್ತುದು?”

“ಅದನ್ನು ನೀನು ಹೇಳ್ಬೇಕು.”

ಅವನು ಯೋಚಿಸಿ ಹೇಳಿದ. “ಚೌಕಟ್ಟು ಮಾತ್ರ ಬದಲು ಮಾಡುವ. ಲೇಡೀಸ್ ಚೌಕಟ್ಟು ಒಂದು ನನ್ನ ಹತ್ರ ಬಿದ್ದುಕೊಂಡುಂಟು. ಚಕ್ರ, ಹ್ಯಾಂಡಲ್, ಬೆಲ್ಲು, ಡೈನಮೋ, ಕ್ಯಾರಿಯರ್, ಎಲ್ಲ ಅಣ್ಣಂದೇ ಇರ್ಲಿ. ಅಣ್ಣನ ಸೈಕಲ್ ಅಂತ ಹೇಳಿದ್ರೆ ಸುಳ್ಳಾಗುದಿಲ್ಲ, ನಿಮ್ಮದು ಅಂತ ಹೇಳಿದ್ರೂ ಸುಳ್ಳಾಗುದಿಲ್ಲ.”

ಹಾಗೆ ಮಾಡಿದೆವು. ಸೀಟು ಇಡುವಾಗ ಅವನು ನನ್ನ ಕೈಯನ್ನು ಮುಟ್ಟಲು ಹಿಂಜರಿದ. ನಾನೇ ಕಂಕುಳಿಗೆ ಸೀಟು ತಾಗಿಸಿ ಬೆರಳು ಚಾಚಿ ತೋರಿಸಿದೆ. “ಆ ಊರಿನಲ್ಲೂ ಹೀಗೆಯಾ?” ಎಂದು ಕೇಳಿದ. ಹೌದು ಎಂದಾಗ ತುಂಬ ಖುಷಿಪಟ್ಟ. ಹಳೆಯ ಚೌಕಟ್ಟನ್ನು ಅಟ್ಟಕ್ಕೆ ಏರಿಸಿದೆವು.

ಹೊಸ ಬೀಗದ ಎರಡನೆಯ ಬೀಗದ ಕೈಯನ್ನು ಅಮ್ಮನಿಗೆ ಕೊಟ್ಟೆ.

“ನನಗೆ ಎಂತಕ್ಕೆ ಮಗಾ? ನಾನು ಸೈಕಲ್ ಬಿಡುದುಂಟಾ?”

“ಬಿಡ್ಲಿಕ್ಕೆ ಅಲ್ಲ ಅಮ್ಮ. ಇಟ್ಕೊಳ್ಳಿಕ್ಕೆ.”

ಅಮ್ಮ ಅದನ್ನು ಎಲೆಯಡಿಕೆ ಪೆಟ್ಟಿಗೆಯಲ್ಲಿ, ಸುಣ್ಣದ ಡಬ್ಬಿಯ ಪಕ್ಕದಲ್ಲಿ ಇಟ್ಟುಕೊಂಡರು. ಎಲೆ ಹಾಕುವಾಗಲೆಲ್ಲ ಇದೆಯೇ ಎಂದು ನೋಡುತ್ತಾರೆ.

ಈಗ ನಾನು ದಿನಾ ಬಿಜೈಯಿಂದ ಹೊರಟು ಮನೆಗಳನ್ನು ಮುಗಿಸುತ್ತಾ ಕೂಳೂರಿನ ಸೇತುವೆಯವರೆಗೆ ಹೋಗಿ ಬರುತ್ತೇನೆ. ಮೊದಮೊದಲು ಜನ ಬಾಗಿಲಿಗೆ ಬಂದು ನೋಡುತ್ತಿದ್ದರು. ಈಗ ಮಗುವನ್ನು ಎತ್ತಿಕೊಂಡು ಬರುತ್ತಾರೆ. ಏರಿನಲ್ಲಿ ಇಳಿದು ತಳ್ಳುತ್ತೇನೆ. ಇಳಿಜಾರಿನಲ್ಲಿ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತೇನೆ. ಇಲ್ಲಿ ಹಾಗೆ ಮಾಡಿದರೆ ಸೈಕಲ್ ನಿಲ್ಲುವುದಿಲ್ಲ, ಚೈನು ಕಟಕಟ ಅನ್ನುತ್ತದೆ.

ಶನಿವಾರ ವರದಿ ಕೊಡಲು ಪೇಟೆಗೆ ಹೋಗಬೇಕು. ಹಂಪನಕಟ್ಟೆಯಲ್ಲಿ ಈಗ ಬೇರೆ ಪೊಲೀಸ್. ಅವನಿಗೆ ನಾನು ಯಾರೆಂದು ಗೊತ್ತಿಲ್ಲ. ಅವನು ಕಾಣುವ ಸ್ವಲ್ಪ ಮೊದಲು ನಾನು ಇಳಿಯುತ್ತೇನೆ. ಇಳಿಯಬೇಕಿಲ್ಲ ಎಂದು ನನಗೆ ಗೊತ್ತುಂಟು. ಸೈಕಲ್ಲನ್ನು ತಳ್ಳಿಕೊಂಡು ದಾಟಿ, ಅಂಗಡಿ ಸಾಲು ಮುಗಿಯುವಲ್ಲಿ ಮತ್ತೆ ಹತ್ತುತ್ತೇನೆ.

ಕೊಯ್ದ ಬೀಗವನ್ನು ಒಂದು ಬಟ್ಟೆಯಲ್ಲಿ ಸುತ್ತಿ ನನ್ನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಅದರ ಬೀಗದ ಕೈಗಳಿಗಾಗಿ ಅಕ್ಕಿ ಅಳೆಯುವ ಕಲಸಿಗೆ, ಅಣ್ಣನ ಕೋಟು, ಪುಸ್ತಕಗಳ ಎಡೆ, ಮಾಡಿನ ಹಂಚಿನ ಅಡಿ, ಎಲ್ಲ ಕಡೆ ಹುಡುಕಿ ಆಗಿದೆ. ಅವನು ದಿನಾ ಬಳಸುತ್ತಿದ್ದದ್ದೂ ಇಲ್ಲ, ನನಗೆಂದು ತೆಗೆದಿಟ್ಟದ್ದೂ ಇಲ್ಲ. ಎರಡರಲ್ಲಿ ಒಂದೂ ಇದುವರೆಗೆ ಸಿಕ್ಕಿಲ್ಲ.